ಕಲ್ಚರ್ ರಿಪೋರ್ಟಲ್ಲಿ ಸಾಲಾಗಿ ‘ಆರ್’ ಬಂದಿದೆ, ಮರದರಿಶಿನದ ಕಷಾಯ ಕುಡಿಸಿದ್ರೆ ಸಾಕಾ?

ಪ್ರಶ್ನೆ: ನಮ್ಮತ್ತೆಗೆ 68 ವರ್ಷ, ಶುಗರ್ ಇದೆ, ಪದೇ ಪದೇ ಯೂರಿನ್ ಇನ್ಫೆಕ್ಷನ್ ಆಗ್ತಿದೆ. ಈ ಸಲ ಕಲ್ಚರ್ ರಿಪೋರ್ಟಲ್ಲಿ (ಯೂರಿನಲ್ಲಿರೋ ಬ್ಯಾಕ್ಟೀರಿಯಾ ಬೆಳೆಸಿ ಯಾವ ಔಷಧಿ ಕೆಲಸ ಮಾಡುತ್ತೆ ಅಂತ ನೋಡೋ ಟೆಸ್ಟ್) ಇ. ಕೊಲೈ ಅನ್ನೋ ಬ್ಯಾಕ್ಟೀರಿಯಾ ಅಂತ ಬಂದು ಮಾತ್ರೆಗಳ ಮುಂದೆ ಸಾಲಾಗಿ ಆರ್, ಆರ್ ಅಂತಾನೇ ಇದೆ. ಗ್ರಂಥಿಗೆ ಅಂಗಡಿಯವ್ರು ಮರದರಿಶಿನದ ಕಷಾಯ ಕುಡಿಸಿ, ಗಿಡಮೂಲಿಕೆಗೆ ರೆಸಿಸ್ಟೆನ್ಸ್ ಬರಲ್ಲ ಅಂದ್ರು. ನಿಜಾನಾ? (ರಾಜಾಜಿನಗರದ ಓದುಗರು)

ಉತ್ತರ: ಕಷಾಯ ಒಂದನ್ನೇ ನೆಚ್ಕೊಂಡು ಕೂರಬೇಡಿ. ‘ಆರ್’ ಅಂದ್ರೆ ರೆಸಿಸ್ಟೆಂಟ್, ಅಂದ್ರೆ ಆ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗಲ್ಲ. ಹಾಗಂತ ಮರದರಿಶಿನ ಸುಮ್ನೆ ಹಳದಿ ಕಟ್ಟಿಗೆ ಅಂತಾನೂ ಅಲ್ಲ, ಅದ್ರಲ್ಲಿ ಬರ್ಬರೀನ್ ಅನ್ನೋ ವಸ್ತು ಇದೆ, ಲ್ಯಾಬಲ್ಲಿ ಬ್ಯಾಕ್ಟೀರಿಯಾ ಮೇಲೆ ಹಾಕಿದ್ರೆ ಕೆಲಸ ಮಾಡುತ್ತೆ ಅನ್ನೋದೂ ನಿಜ. ತೊಂದ್ರೆ ಏನಂದ್ರೆ ಬ್ಯಾಕ್ಟೀರಿಯಾ ಅದನ್ನ ಒಳಗೆ ಇಟ್ಕೊಳ್ಳಲ್ಲ. ಮಳೆಗೆ ಬೇಸ್‌ಮೆಂಟಲ್ಲಿ ತುಂಬಿದ ನೀರನ್ನ ಮೋಟರ್ ಹಾಕಿ ಆಚೆ ಎತ್ತುತೀವಲ್ಲ, ಹಾಗೆ ಅದರ ಮೈಮೇಲಿರೋ ಪಂಪ್‌ಗಳು ಬರ್ಬರೀನನ್ನ ಬಂದಷ್ಟೂ ಆಚೆ ತಳ್ತಾ ಇರ್ತವೆ. ಸ್ಟಫೈಲೋಕಾಕಸ್ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾದಲ್ಲಿರೋ ಅಂಥ ಒಂದು ಪಂಪಿನ ಹೆಸರು ನಾರ್‌ಎ, ಸಿಪ್ರೊಫ್ಲಾಕ್ಸಸಿನ್ ಅನ್ನೋ ಆಂಟಿಬಯಾಟಿಕ್ ಮಾತ್ರೇನೂ ಅದು ಹಿಂಗೇ ಆಚೆ ಹಾಕುತ್ತೆ. ಅಂದ್ರೆ ಗಿಡಮೂಲಿಕೆಗೆ ರೆಸಿಸ್ಟೆನ್ಸ್ ಬರಲ್ಲ ಅನ್ನೋ ಮಾತು ತಪ್ಪು, ಎಷ್ಟೋ ಬ್ಯಾಕ್ಟೀರಿಯಾಗಳಲ್ಲಿ ಅದು ಮೊದಲಿಂದಾನೇ ಇದೆ.

ನನಗೆ ತುಂಬಾ ಇಷ್ಟದ ವಿಷಯ ಇದರ ಮುಂದಿನ ಭಾಗ. 2000ದಲ್ಲಿ ಅಮೆರಿಕದ ವಿಜ್ಞಾನಿಗಳು ಇದೇ ಬರ್ಬರೀನ್ ಇರೋ ಬರ್ಬೆರಿಸ್ ಜಾತಿಯ ಗಿಡಗಳನ್ನ ನೋಡ್ತಾ ಹೋದಾಗ, ಬರ್ಬರೀನ್ ಜೊತೆಗೇ ಆ ಗಿಡ ಇನ್ನೊಂದು ವಸ್ತು ಮಾಡೋದು ಗೊತ್ತಾಯ್ತು, ಆ ಎರಡನೇದಕ್ಕೆ ಬ್ಯಾಕ್ಟೀರಿಯಾ ಕೊಲ್ಲೋ ಶಕ್ತಿ ಏನೂ ಇಲ್ಲ, ಆದ್ರೆ ಅದು ನಾರ್‌ಎ ಪಂಪನ್ನೇ ಕಟ್ಟಿಹಾಕುತ್ತೆ, ಆಗ ಬರ್ಬರೀನ್ ಒಳಗೆ ಉಳಿದು ಕೆಲಸ ಮುಗಿಸುತ್ತೆ. ನಮ್ಮ ಕಾಳುಮೆಣಸಿನ ಪೈಪರಿನ್ ಕೂಡ ಲ್ಯಾಬಲ್ಲಿ ಇದೇ ಪಂಪನ್ನ ತಡೆದು ಸಿಪ್ರೊಫ್ಲಾಕ್ಸಸಿನ್‌ಗೆ ಬಲ ಕೊಟ್ಟಿದೆ. ಸರ್ಪಗಂಧದ ರಿಸರ್ಪಿನ್ನೂ ಅಷ್ಟೇ, ಆದ್ರೆ ಪಂಪ್ ನಿಲ್ಲೋಕೆ ಬೇಕಾಗೋ ಡೋಸ್ ಮನುಷ್ಯರಿಗೆ ವಿಷ. ಹಾಗಾಗಿ ಗಿಡದ ವಸ್ತುಗಳು ಆಂಟಿಬಯಾಟಿಕ್ ಜಾಗಕ್ಕೆ ಬರೋದಕ್ಕಿಂತ ಅದರ ಪಕ್ಕದಲ್ಲಿ ನಿಂತು ಸಹಾಯ ಮಾಡೋ ಸಾಧ್ಯತೆನೇ ಜಾಸ್ತಿ ಅನ್ನೋದು ನನ್ನ ನಂಬಿಕೆ, ಆ ದಾರೀಲಿ ಸಂಶೋಧನೆ ಇನ್ನೂ ಜೋರಾಗಿ ನಡೀಬೇಕು.

ಆದ್ರೆ ಇದೆಲ್ಲ ಇನ್ನೂ ಲ್ಯಾಬಿನ ಮಾತು. ಮಾಮೂಲಿ ಆಂಟಿಬಯಾಟಿಕ್ ಮಿಲಿಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇದ್ರೆ ಸಾಕು, ಗಿಡದ ಎಷ್ಟೋ ವಸ್ತುಗಳಿಗೆ ನೂರರಿಂದ ಸಾವಿರ ಮೈಕ್ರೋಗ್ರಾಂ ಬೇಕು. ಅರಿಶಿನದ ಕರ್ಕ್ಯುಮಿನ್ ಗ್ರಾಂಗಟ್ಟಲೆ ನುಂಗಿದ್ರೂ ರಕ್ತದಲ್ಲಿ ಮಿಲಿಲೀಟರಿಗೆ ಒಂದು ಮೈಕ್ರೋಗ್ರಾಂ ಕೂಡ ಸಿಗಲ್ಲ. ಮೇಲಾಗಿ ನಿಮ್ಮತ್ತೆಗೆ ಬಂದಿರೋದು ಇ. ಕೊಲೈ, ಅದಕ್ಕೆ ಹೊರಗಡೆ ಇನ್ನೊಂದು ಪೊರೆ ಬೇರೆ ಇದೆ, ಸ್ಟಫೈಲೋಕಾಕಸ್‌ಗಿಂತ ಮೊಂಡು. ಕ್ರ್ಯಾನ್‌ಬೆರಿ ಬಗ್ಗೆನೂ ಜನ ಕೇಳ್ತಾರೆ, ಪದೇ ಪದೇ ಇನ್ಫೆಕ್ಷನ್ ಆಗೋ ಹೆಂಗಸರಲ್ಲಿ ಅದು ಮತ್ತೆ ಬರೋದನ್ನ ಸ್ವಲ್ಪ ತಡೆಯುತ್ತೆ, ಬಂದಿರೋದನ್ನ ವಾಸಿ ಮಾಡಲ್ಲ, ಶುಗರ್ ಇರೋವ್ರಿಗೆ ಸಿಹಿ ಜ್ಯೂಸ್ ಅಂತೂ ಬೇಡ.

ಈಗ ರಿಪೋರ್ಟನ್ನ ಇನ್ನೊಂದ್ಸಲ ನೋಡಿ. ಆರ್‌ಗಳ ಮಧ್ಯೆ ಎಲ್ಲಾದ್ರೂ ‘ಎಸ್’ ಇರಬಹುದು, ಅಂದ್ರೆ ಆ ಔಷಧಿಗೆ ಬ್ಯಾಕ್ಟೀರಿಯಾ ಇನ್ನೂ ಬಗ್ಗುತ್ತೆ, ಡಾಕ್ಟ್ರು ಅದರಿಂದಾನೇ ಆರಿಸ್ತಾರೆ. ಇನ್ನೊಂದು ಮುಖ್ಯ ವಿಷಯ, ಉರಿ, ಜ್ವರ ಏನೂ ಇಲ್ದೆ ಬರೀ ರಿಪೋರ್ಟಲ್ಲಿ ಬ್ಯಾಕ್ಟೀರಿಯಾ ಕಂಡಿದ್ರೆ ವಯಸ್ಸಾದವ್ರಿಗೆ, ಶುಗರ್ ಇದ್ರೂ, ಸಾಮಾನ್ಯವಾಗಿ ಆಂಟಿಬಯಾಟಿಕ್ಕೇ ಬೇಕಾಗಲ್ಲ, ಹಾಗಾಗಿ ಲಕ್ಷಣ ಇದ್ಯಾ ಇಲ್ವಾ ಅಂತ ಡಾಕ್ಟ್ರಿಗೆ ಸರಿಯಾಗಿ ಹೇಳಿ. ಮನೇಲಿ ಉಳಿದಿರೋ ಹಳೇ ಮಾತ್ರೆ, ಮೆಡಿಕಲ್ ಶಾಪಲ್ಲಿ ಚೀಟಿ ಇಲ್ದೆ ಕೊಡೋ ಕೆಂಪು ಗೆರೆ ಇರೋ ಸ್ಟ್ರಿಪ್ ಎರಡೂ ಬೇಡ. ಕಷಾಯ ಈಗಾಗ್ಲೇ ಶುರು ಮಾಡಿದ್ರೆ ಅದನ್ನೂ ಮುಚ್ಚಿಡಬೇಡಿ, ಬರ್ಬರೀನ್ ಶುಗರ್ ಇಳಿಸುತ್ತೆ, ಕೆಲವು ಮಾತ್ರೆಗಳು ಲಿವರ್‌ನಲ್ಲಿ ಕರಗೋದನ್ನ ತಡೆಯುತ್ತೆ. ಚಳಿಜ್ವರ, ಸೊಂಟದ ಮೇಲ್ಭಾಗದಲ್ಲಿ ನೋವು, ವಾಂತಿ, ಮಾತು ತಡಬಡಾಯಿಸೋದು, ಇದ್ರಲ್ಲಿ ಯಾವುದು ಕಂಡ್ರೂ ಬೆಳಗಾಗ್ಲಿ ಅಂತ ಕಾಯ್ಬೇಡಿ, ರಾತ್ರೀನೇ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ, ಆ ರಿಪೋರ್ಟ್ ಕೈಯಲ್ಲಿರಲಿ.