ಹಳೇ ಬೈಕಿನ ಚಾರ್ಜಿಂಗ್: ಜಾಸ್ತಿಯಾದ ಕರೆಂಟ್ ಎಲ್ಲಿಗೆ ಹೋಗುತ್ತದೆ?

ಹಳೇ ಮೋಟಾರ್‌ಸೈಕಲ್‌ನ ಬ್ಯಾಟರಿ ಪದೇ ಪದೇ ಡೌನ್ ಆದರೆ ಬಹಳ ಜನ ಮೊದಲು ಹೊಸ ಬ್ಯಾಟರಿ ತರುತ್ತಾರೆ. ಅದೂ ಕೈಕೊಟ್ಟರೆ ಸ್ಟೇಟರ್ (ಕರೆಂಟ್ ಹುಟ್ಟುವ, ತಿರುಗದೇ ಕೂತಿರುವ ಕಾಯಿಲ್‌ಗಳ ಬಳೆ) ಬಿಚ್ಚುತ್ತಾರೆ. ನಡುವೆ ಕೂತು ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ನೆನಪಾಗುವುದು ಕೊನೆಗೆ. ನನ್ನ ಪ್ರಕಾರ ಅಲ್ಲಿಂದಲೇ ಶುರು ಮಾಡಬೇಕು. ಎಂಜಿನ್ ನಿಧಾನಕ್ಕೆ ತಿರುಗಿದರೆ ಕರೆಂಟ್ ಸಾಲದು, ಜೋರಾಗಿ ತಿರುಗಿದರೆ ಜಾಸ್ತಿ. ಈ ಜಾಸ್ತಿಯನ್ನು ಸಂಭಾಳಿಸಲು ಒಂದೊಂದು ಕಾಲದ ಬೈಕು ಒಂದೊಂದು ದಾರಿ ಹಿಡಿಯಿತು. ನಿಮ್ಮ ಬೈಕು ಯಾವ ದಾರಿಯದ್ದು ಅಂತ ಗೊತ್ತಾದರೆ ಅರ್ಧ ರಿಪೇರಿ ಆದಂತೆಯೇ.

ತೀರಾ ಹಳೇ ಬೈಕ್‌ಗಳಿಗೆ ಈ ತಲೆನೋವೇ ಇರಲಿಲ್ಲ. ಕಿಡಿ ಕೊಡಲು ಮ್ಯಾಗ್ನೆಟೋ, ಬೆಳಕಿಗೆ ಗ್ಯಾಸ್ ಉರಿಸುವ ಕಾರ್ಬೈಡ್ ದೀಪ. ಬ್ಯಾಟರಿಯೇ ಬೇಡ. ವಿದ್ಯುತ್ ದೀಪ ಬಂದ ಮೇಲೆ ಎಂಜಿನ್ ಬಲದಿಂದ ಕರೆಂಟ್ ಹುಟ್ಟಿಸುವ ಡೈನಮೋ ಬೇಕಾಯಿತು. ಲ್ಯೂಕಾಸ್ ಕಂಪನಿ ಮ್ಯಾಗ್ನೆಟೋ, ಡೈನಮೋ ಎರಡನ್ನೂ ಜೋಡಿಸಿ 'ಮ್ಯಾಗ್‌ಡೈನೋ' ಮಾಡಿತು.

ಡೈನಮೋದಲ್ಲಿ ಒಂದು ಅನುಕೂಲ ಇದೆ. ಅದರ ಕಾಂತಶಕ್ತಿ ಫೀಲ್ಡ್ ಕಾಯಿಲ್‌ನಿಂದ ಬರುತ್ತದೆ. ಕಾಯಿಲ್‌ಗೆ ಹೋಗುವ ಕರೆಂಟ್ ಕಡಿಮೆ ಮಾಡಿದರೆ ಹೊರಗೆ ಬರುವುದೂ ಕಡಿಮೆ. ರೆಗ್ಯುಲೇಟರ್ ಪೆಟ್ಟಿಗೆಯ ಪಾಯಿಂಟ್‌ಗಳು (ಒಂದನ್ನೊಂದು ತಾಗುವ ಲೋಹದ ತುದಿಗಳು) ತೆರೆದು ಮುಚ್ಚಿ ಈ ಕೆಲಸ ಮಾಡುತ್ತಿದ್ದವು. ಪಕ್ಕದಲ್ಲೇ ಇರುವ ಕಟ್‌ಔಟ್, ಎಂಜಿನ್ ನಿಧಾನವಾದಾಗ ಬ್ಯಾಟರಿ ಕರೆಂಟ್ ಡೈನಮೋಗೆ ವಾಪಸ್ ಹರಿಯದಂತೆ ತಡೆಯುತ್ತಿತ್ತು. ಪಾಯಿಂಟ್ ಸುಟ್ಟರೆ, ಸ್ಪ್ರಿಂಗ್ ಸಡಿಲವಾದರೆ ಎರಡೂ ಕೆಡುತ್ತವೆ. ಇವತ್ತು ಅದೇ ಪೆಟ್ಟಿಗೆಯೊಳಗೆ ಎಲೆಕ್ಟ್ರಾನಿಕ್ ಬೋರ್ಡ್ ಕೂರಿಸಬಹುದು. ಹೊರಗಿನ ನೋಟ ಬದಲಾಗುವುದಿಲ್ಲ. ಲ್ಯೂಕಾಸ್ ಇ3ಎಲ್‌ನಂಥ 6 ವೋಲ್ಟ್, 60 ವ್ಯಾಟ್ ಡೈನಮೋದಿಂದ 12 ವೋಲ್ಟ್ ಬ್ಯಾಟರಿಯನ್ನೂ ಚಾರ್ಜ್ ಮಾಡಿಸಬಹುದು. ಆದರೆ ಚಾರ್ಜ್ ಶುರುವಾಗಲು ಎಂಜಿನ್ ಇನ್ನಷ್ಟು ವೇಗವಾಗಿ ತಿರುಗಬೇಕು. ಪೇಟೆಯೊಳಗೆ ನಿಧಾನವಾಗಿ ಓಡಿಸುವವರು ಇದನ್ನು ಮೊದಲೇ ಯೋಚಿಸಬೇಕು.

1950ರ ದಶಕದಲ್ಲಿ ಎಸಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಬಂತು. ಟ್ರಯಂಫ್ ಸ್ಪೀಡ್ ಟ್ವಿನ್‌ಗೆ 1953ರಲ್ಲೇ ಲ್ಯೂಕಾಸ್ ಆಲ್ಟರ್ನೇಟರ್ ಹಾಕಿದರು. ಡೈನಮೋದ ತಿರುಗುವ ಭಾಗದಿಂದ ಕರೆಂಟ್ ಹೊರತರುತ್ತಿದ್ದ ಬ್ರಷ್ ಇಲ್ಲ, ಕಮ್ಯುಟೇಟರ್ ಇಲ್ಲ, ಸವೆಯುವಂಥದ್ದು ಕಡಿಮೆ. ಆದರೆ ಒಳಗಿರುವುದು ಶಾಶ್ವತ ಅಯಸ್ಕಾಂತ. ಅದನ್ನು ಆರಿಸಲು ಬರುವುದಿಲ್ಲ! ಎಂಜಿನ್ ತಿರುಗುತ್ತಿರುವಷ್ಟು ಹೊತ್ತೂ ಕರೆಂಟ್ ಹುಟ್ಟುತ್ತಲೇ ಇರುತ್ತದೆ. ಜಾಸ್ತಿ ಕರೆಂಟನ್ನು ಹತೋಟಿಯಲ್ಲಿಡುವ ಕೆಲಸವನ್ನು ಆಗಿನ ಎಂಜಿನಿಯರ್‌ಗಳು ದೀಪದ ಸ್ವಿಚ್‌ಗೇ ಒಪ್ಪಿಸಿದರು. ದೀಪ ಆರಿಸಿದ್ದರೆ ಕೆಲವು ಕಾಯಿಲ್ ಮಾತ್ರ ಚಾರ್ಜ್‌ಗೆ, ಹೆಡ್‌ಲೈಟ್ ಹಾಕಿದರೆ ಎಲ್ಲವೂ. ಬ್ಯಾಟರಿ ತುಂಬಿದೆಯೋ ಇಲ್ಲವೋ ಅನ್ನುವುದು ಸ್ವಿಚ್‌ಗೆ ಹೇಗೆ ತಿಳಿಯಬೇಕು, ಅಲ್ವಾ? ಬ್ಯಾಟರಿ ಕುದಿಯುವುದು, ಒಣಗುವುದು ಮಾಮೂಲಾಯಿತು.

1960ರ ದಶಕದ ನಡುವೆ ಬ್ರಿಟಿಷ್ ಬೈಕ್‌ಗಳು 12 ವೋಲ್ಟ್‌ಗೆ ಬಂದಾಗ ಜೀನರ್ ಡಯೋಡ್ ಜೊತೆಗೆ ಬಂತು. ವೋಲ್ಟೇಜ್ ಒಂದು ಮಟ್ಟ ದಾಟಿದರೆ ಅದು ತೆರೆದುಕೊಳ್ಳುತ್ತದೆ. ತೊಟ್ಟಿ ತುಂಬಿದ ಮೇಲೆ ನೀರು ಹೊರಗೆ ಹರಿದ ಹಾಗೆ, ಜಾಸ್ತಿ ಕರೆಂಟ್ ಅದರ ಮೂಲಕ ಹರಿದು ಶಾಖವಾಗಿ ಹೋಗುತ್ತದೆ. ಕೆಲವು ಟ್ರಯಂಫ್‌ಗಳಲ್ಲಿ ಹೆಡ್‌ಲೈಟ್ ಕೆಳಗೆ ಕಾಣುವ ರೆಕ್ಕೆರೆಕ್ಕೆಯ ಅಲ್ಯೂಮಿನಿಯಂ ತುಂಡು ಆ ಶಾಖ ಹೊರಹಾಕಲೆಂದೇ ಇರುವುದು. ಅದಕ್ಕೂ ಡಯೋಡ್‌ಗೂ ನಡುವೆ ಪೇಂಟ್, ಕೊಳೆ ಇದ್ದರೆ ಡಯೋಡ್ ಬೆಂದು ಹೋಗುತ್ತದೆ. ಚಂದ ಕಾಣಲಿ ಅಂತ ಅಲ್ಲೆಲ್ಲ ಪೇಂಟ್ ಬಳಿಯುವುದನ್ನು ದಯವಿಟ್ಟು ಬಿಡಿ.

ಈಗ ಜೀನರ್ ಮತ್ತು ರೆಕ್ಟಿಫೈಯರ್ (ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವುದು) ಎರಡರ ಕೆಲಸವನ್ನೂ ಒಂದೇ ಪುಟ್ಟ ಪೆಟ್ಟಿಗೆ ಮಾಡುತ್ತದೆ. ಹಳೇ ಸೆಲೆನಿಯಂ ರೆಕ್ಟಿಫೈಯರ್ ಇನ್ನೂ ಇದ್ದರೆ ತೆಗೆದುಬಿಡಿ. ವಯಸ್ಸಾದ ಹಾಗೆ ಅದು ವೋಲ್ಟೇಜನ್ನು ತಾನೇ ನುಂಗುತ್ತದೆ. ಮೂರು ವೈರಿನ ಲ್ಯೂಕಾಸ್ ಸ್ಟೇಟರ್ ಆದರೆ ಹಸಿರು-ಕಪ್ಪು, ಹಸಿರು-ಹಳದಿ ವೈರ್‌ಗಳನ್ನು ಒಟ್ಟಿಗೆ ಸೇರಿಸಿದರೆ ಎಲ್ಲಾ ಕಾಯಿಲ್‌ಗಳ ಕರೆಂಟೂ ಸಿಗುತ್ತದೆ. ಹಾಗೆ ಸೇರಿಸುವ ಮೊದಲು ಸರಿಯಾದ ರೆಗ್ಯುಲೇಟರ್ ಇರಲೇಬೇಕು. ಪಾಸಿಟಿವ್ ಅರ್ಥ್ ಬೈಕೋ ನೆಗೆಟಿವ್ ಅರ್ಥ್ ಬೈಕೋ, ಅಂದರೆ ಬ್ಯಾಟರಿಯ ಯಾವ ತುದಿ ಬೈಕಿನ ಚೌಕಟ್ಟಿಗೆ ಸೇರಿದೆ ಅನ್ನುವುದನ್ನೂ ನೋಡಿಕೊಳ್ಳಿ. ಉಲ್ಟಾ ಜೋಡಿಸಿದರೆ ಹೊಸ ಪೆಟ್ಟಿಗೆ ಅಲ್ಲೇ ಸುಟ್ಟುಹೋಗಬಹುದು.

1969ರ ಹೋಂಡಾ ಸಿಬಿ750 ಬೇರೆ ದಾರಿ ಹಿಡಿಯಿತು. ಅದರ ಮೂರು ಫೇಸ್ ಆಲ್ಟರ್ನೇಟರ್‌ನಲ್ಲಿ ಮತ್ತೆ ಫೀಲ್ಡ್ ಕಾಯಿಲ್ ಇತ್ತು, ಬ್ರಷ್ ಮಾತ್ರ ಇರಲಿಲ್ಲ. ಬೇಡದ ಕರೆಂಟ್ ಅಲ್ಲಿ ಹುಟ್ಟುವುದೇ ಇಲ್ಲ. ನನಗೆ ಇದೇ ಹೆಚ್ಚು ಜಾಣತನದ ದಾರಿ ಅನಿಸುತ್ತದೆ. ಆದರೂ ಮುಂದೆ ಬಹಳಷ್ಟು ಬೈಕ್‌ಗಳು ಶಾಶ್ವತ ಅಯಸ್ಕಾಂತ, ಶಂಟ್ ರೆಗ್ಯುಲೇಟರ್ ಜೋಡಿಗೇ ಹೋದವು. ಶಂಟ್ ಅಂದರೆ ಜಾಸ್ತಿಯಾದಾಗ ಸ್ಟೇಟರ್ ವೈರ್‌ಗಳನ್ನೇ ಶಾರ್ಟ್ ಮಾಡುವುದು. ಸ್ಟೇಟರ್‌ಗೆ ವಿರಾಮವೇ ಇಲ್ಲ. ಅದರ ವೈಂಡಿಂಗ್ ಕಪ್ಪಾಗಿ ಸುಡುವುದಕ್ಕೆ ಇದೂ ಒಂದು ದೊಡ್ಡ ಕಾರಣ. ಸೀರೀಸ್ ರೆಗ್ಯುಲೇಟರ್ ಶಾರ್ಟ್ ಮಾಡುವ ಬದಲು ಸಂಪರ್ಕ ಕಡಿಯುತ್ತದೆ, ಸ್ಟೇಟರ್ ತಣ್ಣಗಿರುತ್ತದೆ.

ಏನನ್ನೇ ಕೊಳ್ಳುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಎಂಜಿನ್ ಆಫ್ ಇದ್ದಾಗ ತುಂಬಿದ 12 ವೋಲ್ಟ್ ಬ್ಯಾಟರಿ ಸುಮಾರು 12.6 ತೋರಿಸಬೇಕು. ಎಂಜಿನ್ ವೇಗ ಏರಿಸಿದಾಗ ಹೆಚ್ಚುಕಡಿಮೆ 13.8ರಿಂದ 14.5 ಬರಬೇಕು. 15 ದಾಟಿದರೆ ರೆಗ್ಯುಲೇಟರ್ ಕಡೆ ನೋಡಿ. ಏರದೇ ಹೋದರೆ ಮೊದಲು ಕನೆಕ್ಟರ್, ಅರ್ಥ್ ವೈರ್ ಉಜ್ಜಿ ಸ್ವಚ್ಛ ಮಾಡಿ. ಆಮೇಲೆ ಸ್ಟೇಟರ್ ವೈರ್ ಬಿಡಿಸಿ, ಅದು ಬೈಕಿನ ಲೋಹದ ಮೈಗೆ ಶಾರ್ಟ್ ಆಗಿದೆಯಾ ಅಂತ ನೋಡಿ.

ಇತ್ತೀಚೆಗೆ ಎಲ್‌ಇಡಿ ಹೆಡ್‌ಲೈಟ್ ಹಾಕಿದರೆ ಚಾರ್ಜಿಂಗ್ ವ್ಯವಸ್ಥೆಗೆ ಹೊರೆ ಇಳಿಯುತ್ತದೆ ಅನ್ನುವ ನಂಬಿಕೆ ಇದೆ. ದುರ್ಬಲ ಡೈನಮೋ ಇರುವ ಬೈಕ್‌ಗೆ ಇದು ನಿಜ. ಶಂಟ್ ರೆಗ್ಯುಲೇಟರ್ ಇದ್ದರೆ ಹಾಗಲ್ಲ. ದೀಪ ಬಳಸದೇ ಬಿಟ್ಟ ಕರೆಂಟೂ ರೆಗ್ಯುಲೇಟರ್ ಮೇಲೇ ಬೀಳುತ್ತದೆ, ಅದು ಇನ್ನೂ ಬಿಸಿಯಾಗುತ್ತದೆ. ಅಂಥ ಬೈಕ್‌ಗೆ ಎಲ್‌ಇಡಿ ಹಾಕುವವರು ರೆಗ್ಯುಲೇಟರನ್ನು ಗಾಳಿ ಬಡಿಯುವ ಜಾಗಕ್ಕೆ ಸರಿಸಬೇಕು. ಸೀರೀಸ್ ಮಾದರಿಯದ್ದನ್ನೇ ಹಾಕಿಬಿಟ್ಟರೆ ಇನ್ನೂ ಒಳ್ಳೆಯದು.