ಎಸ್‌ಎಂಎ ಮಿಶ್ರಣಕ್ಕೆ ತೆಂಗಿನ ನಾರು: ಎರಡು 0.3%ಗಳ ಗೊಂದಲ

ಸ್ಟೋನ್ ಮ್ಯಾಟ್ರಿಕ್ಸ್ ಆಸ್ಫಾಲ್ಟ್, ಅಂದ್ರೆ ಎಸ್‌ಎಂಎ, ರಸ್ತೆಯ ಮೇಲ್ಪದರಕ್ಕೆ ಹಾಕುವ ಮಿಶ್ರಣ, 1960ರ ದಶಕದಲ್ಲಿ ಜರ್ಮನಿಯಲ್ಲಿ ಹುಟ್ಟಿದ್ದು. ಇದರಲ್ಲಿ ದಪ್ಪ ಜಲ್ಲಿ ಜಾಸ್ತಿ, ನಡುಗಾತ್ರದ್ದು ಕಡಿಮೆ. ಕಲ್ಲಿಗೆ ಕಲ್ಲು ಕಚ್ಚಿಕೊಂಡು ಭಾರ ಹೊರುತ್ತದೆ. ಬಿಟುಮಿನ್, ಅಂದ್ರೆ ಜಲ್ಲಿಯನ್ನು ಅಂಟಿಸುವ ಕಪ್ಪು ಅಂಟು, ಅದೂ ಜಾಸ್ತಿ ಬೇಕು. ಬಿಸಿ ಮಿಶ್ರಣ ಲಾರಿಯಲ್ಲಿ ಹೋಗುವಾಗ ಬಿಟುಮಿನ್ ಕಲ್ಲಿನಿಂದ ಇಳಿದು ತಳ ಸೇರುತ್ತದೆ. ಇದೇ ಡ್ರೈನ್‌ಡೌನ್. ನಾರು ಹಾಕುವುದು ಮೊದಲಿಗೆ ಇದನ್ನು ತಡೆಯಲು. ಬಿರುಕು ತಡೆಯುವ ಬಲ ಆಮೇಲಿನ ಲಾಭ.

ಈಗ ಗೊಂದಲದ ಜಾಗ. ಎಸ್‌ಎಂಎಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ (ಐಆರ್‌ಸಿ) ನಿಯಮ ಪುಸ್ತಕ ಇದೆ, ಎಸ್‌ಪಿ 79. ಐಆರ್‌ಸಿ ಎಸ್‌ಪಿ 79ರಲ್ಲಿ 0.3% ಎರಡು ಕಡೆ ಬರುತ್ತದೆ. ಸೆಲ್ಯುಲೋಸ್ ನಾರು (ಗಿಡಮರದಿಂದ ಬರುವ ನಾರು) ಕನಿಷ್ಠ 0.3%, ಡ್ರೈನ್‌ಡೌನ್ ಗರಿಷ್ಠ 0.3%. ಒಂದು ನಾವು ಹಾಕುವುದು, ಇನ್ನೊಂದು ಸೋರಿದ್ದು. ಎರಡೂ ಒಟ್ಟು ಮಿಶ್ರಣದ ತೂಕದ ಮೇಲೆ, ಜಲ್ಲಿಯ ತೂಕದ ಮೇಲೆ ಅಲ್ಲ!

ಜಲ್ಲಿ ಮತ್ತು ಫಿಲ್ಲರ್ (ಸಂದು ತುಂಬುವ ನುಣ್ಣನೆ ಪುಡಿ) ಸೇರಿ 1200 ಗ್ರಾಂ ಇದೆ ಅಂದುಕೊಳ್ಳಿ. ಬಿಟುಮಿನ್ 6%, ನಾರು 0.3%. ಸುಮ್ನೆ 1200ರ 6% ತೆಗೆದರೆ 72 ಗ್ರಾಂ ಬರುತ್ತದೆ, ಅದು ತಪ್ಪು. ಬಿಟುಮಿನ್, ನಾರು ಸೇರಿ 6.3% ಆಯ್ತು. ಹಾಗಾದರೆ 1200 ಗ್ರಾಂ ಅನ್ನೋದು ಉಳಿದ 93.7%, ಅಲ್ವಾ? 1200 ಭಾಗಿಸು 0.937, ಒಟ್ಟು 1280.7 ಗ್ರಾಂ. ಇದರ 6% ಅಂದ್ರೆ 76.8 ಗ್ರಾಂ ಬಿಟುಮಿನ್. 0.3% ಅಂದ್ರೆ 3.84 ಗ್ರಾಂ ನಾರು. ಕೂಡಿ ನೋಡಿ: 1200 + 76.84 + 3.84 = 1280.68. ಸರಿಹೋಯ್ತು. ನಾರಿನಲ್ಲಿ ವ್ಯತ್ಯಾಸ ಕಾಲು ಗ್ರಾಂ ಅಷ್ಟೇ. ಬಿಟುಮಿನ್‌ನಲ್ಲಿ ಸುಮಾರು 5 ಗ್ರಾಂ, ಅದು ಫಲಿತಾಂಶ ಕೆಡಿಸುತ್ತದೆ.

ಡ್ರೈನ್‌ಡೌನ್ ಟೆಸ್ಟ್ ಸುಲಭ. ಬಿಡಿ ಮಿಶ್ರಣವನ್ನು ತಂತಿ ಬುಟ್ಟಿಯಲ್ಲಿ ಹಾಕಿ, ಕೆಳಗೆ ತಟ್ಟೆ ಇಟ್ಟು, ಒಂದು ಗಂಟೆ ಓವನ್‌ನಲ್ಲಿಡಿ. 1200 ಗ್ರಾಂ ಮಿಶ್ರಣಕ್ಕೆ ತಟ್ಟೆಯ ತೂಕ 3.6 ಗ್ರಾಂ ಏರಿದರೆ ಅದೇ ಮಿತಿ.

ಸೆಲ್ಯುಲೋಸ್ ನಾರಿನ ಉದ್ದ 8 ಮಿ.ಮೀ. ಮೀರಬಾರದು ಅಂತ ಅದೇ ಪುಸ್ತಕ ಹೇಳುತ್ತದೆ. ತೆಂಗಿನ ನಾರನ್ನೂ ಚಿಕ್ಕದಾಗಿ ಕತ್ತರಿಸಬೇಕು, ಉದ್ದ ಇದ್ದರೆ ಉಂಡೆ ಕಟ್ಟುತ್ತದೆ. ಚೆನ್ನಾಗಿ ಒಣಗಿಸಿ, ಇದು ನೀರು ಹೀರುತ್ತದೆ, ಬಿಟುಮಿನ್‌ಗೆ ನೀರು ಆಗಲ್ಲ. ಕಾಸ್ಟಿಕ್ ಸೋಡಾದಲ್ಲಿ ನೆನೆಸಿ ತೊಳೆದರೆ ಮೇಲಿನ ಮೇಣ ಹೋಗಿ ಮೈ ಒರಟಾಗುತ್ತದೆ, ಬಿಟುಮಿನ್ ಹಿಡಿದುಕೊಳ್ಳುತ್ತದೆ. ನಾರನ್ನು ಬಿಸಿ ಜಲ್ಲಿಗೆ ಮೊದಲು ಒಣದಾಗಿಯೇ ಬೆರೆಸಿ, ಆಮೇಲೆ ಬಿಟುಮಿನ್ ಸುರಿಯಿರಿ. ಉಂಡೆ ಕಂಡ ಬ್ಯಾಚನ್ನು ಟೆಸ್ಟ್‌ಗೆ ಹಾಕಲೇಬೇಡಿ.