ಪಟ್ಟಿಯಿಂದ ಬಿಡಿಸಿ ಎಂಬ ಮನವಿ ಎಲ್ಲರಿಗೂ ಬಂದಾಗ

ಮೈಸೂರಿನ ನಿವೃತ್ತ ಶಿಕ್ಷಕರ ಇಮೇಲ್ ಗುಂಪೊಂದಕ್ಕೆ ಕಳೆದ ತಿಂಗಳು ‘ದಯವಿಟ್ಟು ನನ್ನ ಹೆಸರನ್ನು ಈ ಪಟ್ಟಿಯಿಂದ ತೆಗೆಯಿರಿ’ ಎಂಬ ಒಂದೇ ಸಾಲಿನ ಮೇಲ್ ಬಂತು. ನಿರ್ವಾಹಕನಾದ ನನಗೊಬ್ಬನಿಗೆ ಬರಬೇಕಿದ್ದ ಆ ಮನವಿ ಗುಂಪಿನ ಸದಸ್ಯರೆಲ್ಲರಿಗೂ ಹೋಗಿತ್ತು. ಮಧ್ಯಾಹ್ನದೊಳಗೆ ಮೂವರು ‘ನನ್ನದನ್ನೂ’ ಎಂದು ಬರೆದರು. ಇಂಥದ್ದನ್ನು ಗುಂಪಿಗೆ ಕಳಿಸಬಾರದೆಂದು ಒಬ್ಬರು ಗದರಿದರು. ಆ ಗದರಿಕೆಯೂ ಎಲ್ಲರಿಗೂ ತಲುಪಿತು.

ಇಂಥ ಸಂದರ್ಭದಲ್ಲಿ ನಿರ್ವಾಹಕರು ಗುಂಪಿಗೆ ಉತ್ತರ ಬರೆಯಬಾರದು. ಆ ಮಾತಿನ ಎಳೆಯನ್ನು ತಡೆಹಿಡಿದು, ಕೇಳಿದವರೊಂದಿಗೆ ಖಾಸಗಿಯಾಗಿ ಮಾತನಾಡಬೇಕು. ಕಳುಹಿಸಿದವರ ವಿಳಾಸವನ್ನು ಬೇರೆಯವರು ನಕಲಿಯಾಗಿ ಬಳಸುವುದು ಕಷ್ಟವಲ್ಲವಾದ್ದರಿಂದ, ಅವರೇ ಕೇಳಿದ್ದಾರೆಂದು ಖಚಿತಪಡಿಸಿಕೊಂಡ ಮೇಲೆಯೇ ಹೆಸರು ತೆಗೆಯುವುದು ಸರಿ.

ಮೊದಲ ಮನವಿ ಬರೆದಿದ್ದ ಕುವೆಂಪುನಗರದ ಹಿರಿಯರ ಮನೆಗೆ ನಾನೇ ಹೋದೆ. ‘ಮೊದಲೇ ಸರಿಯಾದ ಕಡೆಗೇ, ಪಟ್ಟಿಯಿಂದ ಬಿಡಿಸುವ ವಿಳಾಸಕ್ಕೇ ಕಳಿಸಿದ್ದೆ ಕಣಪ್ಪಾ, ಯಾವುದೋ ಇಂಗ್ಲಿಷ್ ಉತ್ತರ ಬಂತು’ ಎಂದು ಅವರು ಮುದ್ರಿಸಿಟ್ಟುಕೊಂಡಿದ್ದ ಹಾಳೆಯನ್ನು ತೋರಿಸಿದರು. ಈ ವಿಳಾಸ ಪಟ್ಟಿಯಲ್ಲಿಲ್ಲ ಎಂದು ಅದರಲ್ಲಿತ್ತು. ಜಿಮೇಲ್‌ನಲ್ಲಿ ಮೇಲ್ ಜೊತೆ ಬರುವ ತಾಂತ್ರಿಕ ವಿವರ ತೋರಿಸುವ ‘ಶೋ ಒರಿಜಿನಲ್’ ತೆರೆದು, ಮೇಲ್ ಯಾವ ವಿಳಾಸಗಳಿಗೆ ತಲುಪಿತೆಂದು ಹೇಳುವ ‘ಡೆಲಿವರ್ಡ್-ಟು’ ಸಾಲುಗಳನ್ನು ನೋಡಿದಾಗ ಕಾರಣ ಸಿಕ್ಕಿತು. ಅವರು ಸದಸ್ಯರಾಗಿದ್ದದ್ದು ಹಳೆಯ ವಿಳಾಸದಿಂದ. ಅಲ್ಲಿಗೆ ಬಂದ ಮೇಲ್‌ಗಳು ಮಗ ಮಾಡಿಕೊಟ್ಟಿದ್ದ ಹೊಸ ವಿಳಾಸಕ್ಕೆ ತಾವಾಗಿಯೇ ಫಾರ್ವರ್ಡ್ ಆಗುತ್ತಿದ್ದವು. ಮನವಿ ಮಾತ್ರ ಹೊಸ ವಿಳಾಸದಿಂದ ಹೋಗುತ್ತಿತ್ತು.

ಬಿಡುವ ದಾರಿಯನ್ನು ಮೇಲ್‌ನ ಹೆಡರ್‌ನಲ್ಲೇ (ಓದುಗರಿಗೆ ಕಾಣದ ತಾಂತ್ರಿಕ ಸಾಲುಗಳಲ್ಲಿ) ಬರೆದಿಡುವ ಪದ್ಧತಿ ಇಂಟರ್ನೆಟ್ ಮಾನದಂಡವಾದ 1998ರ ಆರ್‌ಎಫ್‌ಸಿ 2369ರಿಂದ ಇದೆ, ಒಂದೇ ಕ್ಲಿಕ್ಕಿನ ವ್ಯವಸ್ಥೆ 2017ರ ಆರ್‌ಎಫ್‌ಸಿ 8058ರಿಂದ ಬಂತು. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರ ಪ್ರಚಾರದ ಮೇಲ್‌ಗಳಿಗೆ ಗೂಗಲ್ 2024ರಿಂದ ಅದನ್ನು ಕಡ್ಡಾಯ ಮಾಡಿದೆ. ಆದರೆ ಮೇಲ್ ಓದುವಾಗ ಕಾಣುವ ‘ಅನ್‌ಸಬ್‌ಸ್ಕ್ರೈಬ್’ (ಪಟ್ಟಿಯಿಂದ ಬಿಡಿಸು) ಗುಂಡಿಯ ಹಿಂದೆ ಇಮೇಲ್ ವಿಳಾಸವಷ್ಟೇ ಇದ್ದರೆ, ಒತ್ತಿದಾಗ ಮನವಿ ಹೋಗುವುದು ಓದುತ್ತಿರುವ ಖಾತೆಯಿಂದಲೇ, ಅಂದರೆ ಪಟ್ಟಿಗೆ ಗೊತ್ತಿಲ್ಲದ ವಿಳಾಸದಿಂದಲೇ. ಎಲ್ಲರಿಗೂ ಬರೆಯುವ ಮುನ್ನ ಸರಿಯಾದ ಬಾಗಿಲು ತಟ್ಟಿ ಸೋತವರು ನನ್ನ ಅನುಭವದಲ್ಲಿ ಹಲವರಿದ್ದಾರೆ. ಅವರಿಗೆ ಗದರಿಕೆ ಅನ್ಯಾಯ. ಬೇಸತ್ತು ಅವರು ‘ಸ್ಪ್ಯಾಮ್’ ಗುಂಡಿ ಒತ್ತತೊಡಗಿದರೆ ಉಳಿದ ಸದಸ್ಯರ ಮೇಲ್‌ಗಳೂ ತಲುಪದೆ ಹೋಗಬಹುದು.

ಇನ್ನೊಂದು ಕೊರತೆ ನಮ್ಮ ಭಾಷೆಯದೇ. ಇಮೇಲ್ ಗುಂಪುಗಳನ್ನು ನಡೆಸುವ ಮೇಲ್‌ಮ್ಯಾನ್ ತಂತ್ರಾಂಶದಲ್ಲಿ ಇಂಥ ಮನವಿಗಳನ್ನು ತಡೆದು ನಿರ್ವಾಹಕರಿಗೆ ತೋರಿಸುವ ಸೋಸುವಿಕೆ ಇದೆ. ಅದು ಹುಡುಕುವುದು ‘ಅನ್‌ಸಬ್‌ಸ್ಕ್ರೈಬ್’ನಂಥ ಇಂಗ್ಲಿಷ್ ಆದೇಶಗಳನ್ನು, ‘ಹೆಸರು ತೆಗೆಯಿರಿ’ ಎಂಬುದು ಅದರ ಕಣ್ಣಿಗೆ ಬೀಳದೆ ನೇರವಾಗಿ ಎಲ್ಲರ ಇನ್‌ಬಾಕ್ಸ್ ಸೇರುತ್ತದೆ.

ನಾನು ಆ ಗುಂಪಿನ ‘ರಿಪ್ಲೈ-ಟು’ ವ್ಯವಸ್ಥೆಯನ್ನು ಬದಲಿಸಿ, ಉತ್ತರವು ಬರೆದವರಿಗಷ್ಟೇ ಹೋಗುವಂತೆ ಮಾಡಿದೆ. ಪ್ರತಿ ಮೇಲ್‌ನ ಅಡಿಯಲ್ಲಿ ಈಗ ಹೀಗಿದೆ: ‘ಗುಂಪಿನಿಂದ ಬಿಡಬೇಕಿದ್ದರೆ ನಿರ್ವಾಹಕರಿಗೆ ಕನ್ನಡದಲ್ಲೇ ಒಂದು ಸಾಲು ಬರೆಯಿರಿ. ನೀವು ಸೇರಿದ್ದ ವಿಳಾಸ ಮರೆತಿದ್ದರೂ ಪರವಾಗಿಲ್ಲ, ನಾವು ಹುಡುಕುತ್ತೇವೆ.’